ಆಯಿಲ್ ಬದಲಾಯಿಸಿದ್ದಾಯ್ತು, ಮಟ್ಟ ನೋಡಿದ್ರಾ?

ಮಳೆ ಹಿಡಿಯುವ ಮುಂಚೆ ಗಾಡಿಗೆ ಸರ್ವಿಸ್ ಮಾಡಿಸಿಬಿಡುವುದು ಕೊಡಗಿನಲ್ಲಿ ಮಾಮೂಲು. ತೋಟದ ಜೀಪು, ಪಿಕಪ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ ಎಂಜಿನ್ ಆಯಿಲ್ಲನ್ನು ಮನೆಯಲ್ಲೇ ಬದಲಾಯಿಸುತ್ತಾರೆ. ಹಳೇದನ್ನು ಇಳಿಸಿ, ಫಿಲ್ಟರ್ ಬಿಗಿದು, ಹೊಸದನ್ನು ಸುರಿಯುವುದು ಅಂಥ ಕಷ್ಟದ ಕೆಲಸವೇನಲ್ಲ. ಎಡವುವುದು ಆಮೇಲೆ, ಮಟ್ಟ ನೋಡುವಾಗ. ನಮ್ಮ ಜಿಲ್ಲೆಯಲ್ಲಂತೂ ಅಳತೆ ತಪ್ಪುವುದಕ್ಕೆ ಮೊದಲ ಕಾರಣ ನೆಲವೇ.

ಮೊದಲು ಸಮತಟ್ಟು ಜಾಗ ಹುಡುಕಿ

ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಸಾಮಾನ್ಯವಾಗಿ ಎಂಜಿನ್ ಬುಡದಲ್ಲಿರುವ ಆಯಿಲ್ ಚೇಂಬರಿನ ನಟ್ಟ ನಡುವೆ ಇಳಿಯುವುದಿಲ್ಲ, ಒಂದು ಬದಿಗೆ ಇಳಿಯುತ್ತದೆ. ಗಾಡಿ ವಾಲಿದರೆ ಆಯಿಲ್ ತಗ್ಗಿನ ಕಡೆ ಸೇರುತ್ತದೆ. ಲೆಕ್ಕ ಹಾಕಿ ನೋಡಿ. ಡಿಪ್‌ಸ್ಟಿಕ್ ಚೇಂಬರಿನ ಮಧ್ಯದಿಂದ 15 ಸೆಂಟಿಮೀಟರ್ ದೂರ ಇದೆ ಅಂದುಕೊಳ್ಳಿ. ನೆಲ 20 ಅಡಿಗೆ ಒಂದಡಿ ಇಳಿಜಾರಾಗಿದ್ದರೆ ಕಡ್ಡಿಯ ಮೇಲೆ ಮುಕ್ಕಾಲು ಸೆಂಟಿಮೀಟರ್ ಹೆಚ್ಚೋ ಕಡಿಮೆಯೋ ಕಾಣುತ್ತದೆ. ಕಡ್ಡಿಯಲ್ಲಿರುವ ಮ್ಯಾಕ್ಸ್ (ಗರಿಷ್ಠ) ಮತ್ತು ಮಿನ್ (ಕನಿಷ್ಠ) ಗುರುತುಗಳ ನಡುವೆ ಎಷ್ಟೋ ಕಾರುಗಳಲ್ಲಿ ಇರುವುದೇ ಎರಡು ಸೆಂಟಿಮೀಟರ್ ಆಸುಪಾಸು! 20ಕ್ಕೆ ಒಂದಡಿ ಅನ್ನುವುದು ಮಡಿಕೇರಿಯಲ್ಲಿ ಇಳಿಜಾರು ಅಂತಲೇ ಯಾರಿಗೂ ಅನ್ನಿಸುವುದಿಲ್ಲ.

ಕಾಫಿ ಒಣಗಿಸುವ ಕಣ ಇದೆಯಲ್ಲ, ಅಲ್ಲೇ ನಿಲ್ಲಿಸಿದರಾಯ್ತು ಅನ್ನುವವರು ಜಾಸ್ತಿ. ಕಣವನ್ನು ಕಟ್ಟುವಾಗಲೇ ನೀರು ಹರಿದುಹೋಗಲಿ ಅಂತ ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಒಂದು ಉದ್ದನೆಯ ಹಲಗೆಯ ಮೇಲಿಟ್ಟು ನೋಡಿ. ಸಿಗದಿದ್ದರೆ ಒಂದು ಚೊಂಬು ನೀರು ಸುರಿದು ಯಾವ ಕಡೆ ಓಡುತ್ತದೆ ನೋಡಿದರೂ ಸಾಕು.

ಸಮತಟ್ಟು ಜಾಗ ಸಿಗಲೇ ಇಲ್ಲವಾದರೆ ಒಂದು ಉಪಾಯ ಇದೆ. ಇದ್ದುದರಲ್ಲಿ ಕಡಿಮೆ ವಾಟ ಇರುವ ಕಡೆ ಗಾಡಿ ನಿಲ್ಲಿಸಿ ಮಟ್ಟ ನೋಡಿ, ಬರೆದಿಟ್ಟುಕೊಳ್ಳಿ. ಆಮೇಲೆ ಗಾಡಿಯನ್ನು ತಿರುಗಿಸಿ, ಮೂತಿ ಇದ್ದ ಕಡೆ ಹಿಂಭಾಗ ಬರುವಂತೆ ಅದೇ ಜಾಗಕ್ಕೆ ತಂದು, ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಒಂದು ಸಲ ಎಷ್ಟು ಹೆಚ್ಚು ತೋರಿಸಿತ್ತೋ ಇನ್ನೊಂದು ಸಲ ಹೆಚ್ಚುಕಮ್ಮಿ ಅಷ್ಟೇ ಕಡಿಮೆ ತೋರಿಸುತ್ತದೆ. ಎರಡರ ನಡುವಿನದೇ ನಿಜವಾದ ಮಟ್ಟ. ಕಡಿದಾದ ಏರಿನಲ್ಲಿ ಇದು ನಡೆಯುವುದಿಲ್ಲ.

ಸುರಿದ ತಕ್ಷಣ ನೋಡಬೇಡಿ

ಗಾಡಿಯ ಕೈಪಿಡಿಯಲ್ಲಿ ಆಯಿಲ್ ಪ್ರಮಾಣಕ್ಕೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಫಿಲ್ಟರ್ ಬದಲಾಯಿಸಿದರೆ ಒಂದು, ಬದಲಾಯಿಸದಿದ್ದರೆ ಇನ್ನೊಂದು. ಹೇಳಿದ್ದಕ್ಕಿಂತ ಸುಮಾರು ಕಾಲು ಲೀಟರ್ ಕಡಿಮೆಯೇ ಹಾಕಿ ಶುರು ಮಾಡಿ. ಹಳೇ ಆಯಿಲ್ ಪೂರ್ತಿ ಇಳಿದಿರುವುದಿಲ್ಲ, ಮೂಲೆಯಲ್ಲಿ ಒಂದಿಷ್ಟು ಉಳಿದೇ ಇರುತ್ತದೆ.

ಈಗ ಮುಚ್ಚಳ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಒತ್ತಬೇಡಿ. ಹೊಸ ಫಿಲ್ಟರ್ ಖಾಲಿ ಇರುವುದರಿಂದ ಆಯಿಲ್ ಲೈಟು ಕೆಲವು ಸೆಕೆಂಡ್ ಉರಿದು ಆರಬೇಕು. ಆರದೆ ಹಾಗೇ ಉಳಿದರೆ ಆಫ್ ಮಾಡಿಬಿಡಿ. ಆರಿತು ಅಂದರೆ ಒಂದೆರಡು ನಿಮಿಷ ಓಡಲು ಬಿಟ್ಟು, ಫಿಲ್ಟರ್ ಬುಡದಲ್ಲಿ, ಡ್ರೈನ್ ಬೋಲ್ಟ್ ಹತ್ತಿರ ಹನಿ ಇಳಿಯುತ್ತಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ.

ಈ ಓಟದಲ್ಲಿ ಫಿಲ್ಟರ್ ತುಂಬಿಕೊಳ್ಳುತ್ತದೆ. ಅದು ಕುಡಿದಷ್ಟು ಚೇಂಬರಿನಲ್ಲಿ ಇಳಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಮ್ಯಾಕ್ಸ್‌ನಲ್ಲಿದ್ದ ಆಯಿಲ್ ಈಗ ಕೆಳಗೆ ಬಂದಿರುವುದು ಇದಕ್ಕೇ. ಆಫ್ ಮಾಡಿದ ಮೇಲೆ ಹತ್ತು ನಿಮಿಷ ಕಾಯಿರಿ, ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿರುವ ಆಯಿಲ್ ಕೆಳಗಿಳಿಯಬೇಕು. ಒಂದು ಲೋಟ ಕಾಫಿ ಕುಡಿದು ಬನ್ನಿ.

ಕಡ್ಡಿ ಓದುವುದು

ಡಿಪ್‌ಸ್ಟಿಕ್ ತೆಗೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಬೇಡ, ಎಳೆ ಒಳಗೆ ಹೋಗುತ್ತದೆ. ಪೂರ್ತಿ ಬುಡದವರೆಗೆ ತಳ್ಳಿ, ಒಂದೆರಡು ಸೆಕೆಂಡ್ ಬಿಟ್ಟು ನೇರವಾಗಿ ಹೊರಗೆ ಎಳೆಯಿರಿ. ತುದಿ ಕೆಳಮುಖವಾಗಿಯೇ ಇರಲಿ. ಮೇಲೆತ್ತಿದರೆ ಆಯಿಲ್ ಕಡ್ಡಿಯ ಮೇಲೆ ಹಿಂದಕ್ಕೆ ಹರಿದು ಮಟ್ಟ ಸುಳ್ಳಾಗುತ್ತದೆ.

ಎರಡೂ ಬದಿ ನೋಡಿ. ಸುರಿದ ಆಯಿಲ್ ಡಿಪ್‌ಸ್ಟಿಕ್ ಕೊಳವೆಯ ಗೋಡೆಗೆ ಅಂಟಿಕೊಂಡಿದ್ದರೆ ಒಂದು ಬದಿ ಗೀರಿದ ಹಾಗೆ ಮೇಲಕ್ಕೆ ಹೋಗಿರುತ್ತದೆ. ಯಾವ ಬದಿ ಕಡಿಮೆ ತೋರಿಸುತ್ತದೋ ಅದನ್ನು ನಂಬಿ. ಪೆಟ್ರೋಲ್ ಗಾಡಿಯಲ್ಲಿ ಹೊಸ ಆಯಿಲ್ ತಿಳಿಯಾಗಿರುತ್ತದೆ, ಹೊಳೆಯುವ ಕಡ್ಡಿಯ ಮೇಲೆ ಕಾಣುವುದೇ ಕಷ್ಟ. ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ಒತ್ತಿ, ಒದ್ದೆ ಎಲ್ಲಿಗೆ ನಿಂತಿದೆ ಗೊತ್ತಾಗುತ್ತದೆ. ಡೀಸೆಲ್‌ನಲ್ಲಿ ಈ ತಾಪತ್ರಯ ಇಲ್ಲ, ಅದು ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಪ್ಪಾಗಿಬಿಡುತ್ತದೆ. ಹೊಸ ಆಯಿಲ್ ಕಪ್ಪಾಯಿತು ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ.

ಬಿಸಿ ಇದ್ದಾಗ ನೋಡುವುದೋ, ತಣ್ಣಗಿದ್ದಾಗಲೋ? ಕೈಪಿಡಿ ಏನು ಹೇಳುತ್ತದೋ ಹಾಗೆ. 4 ಲೀಟರ್ ಆಯಿಲ್ 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಹಾಗಾಗಿ ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಕಂಡ ಮಟ್ಟವೂ ಸಂಪಾಜೆ ಘಾಟಿ ಹತ್ತಿ ಬಂದ ಮೇಲೆ ಕಂಡ ಮಟ್ಟವೂ ಒಂದೇ ಆಗಿರುವುದಿಲ್ಲ. ಕೈಪಿಡಿ ಹೇಳಿದ ಕ್ರಮವನ್ನೇ ಪ್ರತಿ ಸಲ ಇಟ್ಟುಕೊಳ್ಳಿ.

ಕಡಿಮೆ ಇದ್ದರೆ 100 ಮಿಲಿಲೀಟರ್ ಲೆಕ್ಕದಲ್ಲಿ ಹಾಕುತ್ತಾ, ಪ್ರತಿ ಸಲ ಕಾದು ನೋಡಿ. ಬಯಲುಸೀಮೆಯಲ್ಲಿ ಓಡುವ ಗಾಡಿಗೆ ನಡುಮಟ್ಟ ಸಾಕಾಗಬಹುದು. ನಮ್ಮ ಕಡೆ ಮ್ಯಾಕ್ಸ್‌ಗೆ ಒಂದು ಕೂದಲು ಕೆಳಗೆ ಇರುವುದೇ ಒಳ್ಳೆಯದು. ಆಯಿಲ್ ಮಿನ್ ಹತ್ತಿರ ಇದ್ದಾಗ ಕಡಿದಾದ ಏರಿನಲ್ಲಿ, ತಿರುವಿನಲ್ಲಿ ಅದು ಒಂದು ಪಕ್ಕ ಸರಿದು, ಪಂಪಿನ ಬಾಯಿಗೆ ಗಾಳಿ ಸಿಗಬಹುದು. ಆಯಿಲ್ ಲೈಟು ಮಿಣುಕುವುದು ಆಗಲೇ. ಅದು ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಲೈಟು ಬಂದ ಮೇಲೆ ಹಾಕಿದರಾಯ್ತು ಅಂತ ಕಾಯುವಂತಿಲ್ಲ.

ಹಾಗಂತ ಮ್ಯಾಕ್ಸ್ ದಾಟಿಸಬಾರದು. ಜಾಸ್ತಿಯಾದ ಆಯಿಲ್ಲನ್ನು ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಿಂದ ಒತ್ತಡ ನಿಲ್ಲುವುದಿಲ್ಲ. ಸೀಲುಗಳಿಗೂ ಪೆಟ್ಟು. ಡಿಪ್‌ಸ್ಟಿಕ್ ಕೊಳವೆಗೆ ಸಣ್ಣ ಟ್ಯೂಬು ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಬಹುದು.

ಮಟ್ಟ ಏರಿದರೆ?

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಂದು ಸಲ, ವಾರ ಕಳೆದು ಇನ್ನೊಂದು ಸಲ ಅದೇ ಜಾಗದಲ್ಲಿ ನೋಡಿ. ಇಳಿದರೆ ಸೋರಿಕೆ ಅಥವಾ ಉರಿಯುತ್ತಿದೆ ಅಂತ ಊಹಿಸಬಹುದು. ಏರಿದರೆ ಇನ್ನೂ ಎಚ್ಚರಿಕೆ ಬೇಕು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ವಾಹನದ ಹೊಗೆಗೆ ಮಿತಿ ಹಾಕುವ ನಿಯಮ) ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಕೂಡಿದ ಮಸಿಯನ್ನು ಸುಡಲು ಎಷ್ಟೋ ಎಂಜಿನ್‌ಗಳು ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸುಡುವುದು ಮುಗಿಯಬೇಕಾದರೆ ಒಂದಿಷ್ಟು ಹೊತ್ತು ಒಂದೇ ಸಮನೆ ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಂತ ಎರಡನೇ ಗೇರಿನಲ್ಲೇ ಓಡಾಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಉರಿಯದ ಡೀಸೆಲ್ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಕಡ್ಡಿಯಲ್ಲಿ ಡೀಸೆಲ್ ವಾಸನೆ ಬಂದು, ಮಟ್ಟ ಮ್ಯಾಕ್ಸ್ ದಾಟಿದ್ದರೆ ಮೇಲಿನದಷ್ಟೇ ತೆಗೆದು ಸುಮ್ಮನಾಗಬೇಡಿ. ಪೂರ್ತಿ ಆಯಿಲ್ ಬದಲಾಯಿಸಬೇಕು.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿಯಂಥ ಬಣ್ಣದ ಲೋಳೆ ಕಂಡರೆ, ಅದು ಬಹುಪಾಲು ತೇವದ್ದು. ಉದ್ದದ ಒಂದು ಓಟಕ್ಕೆ ಹೋಗುತ್ತದೆ. ಅದೇ ಬಣ್ಣ ಡಿಪ್‌ಸ್ಟಿಕ್ಕಿನಲ್ಲೂ ಇದ್ದರೆ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ಸೇರಿರಬಹುದು. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ಬೈಕಿನವರಿಗೆ ಎರಡೇ ಮಾತು. ಸ್ಪ್ಲೆಂಡರ್, ಆಕ್ಟಿವಾ ಥರದವಕ್ಕೆ ಮುಚ್ಚಳದಲ್ಲೇ ಕಡ್ಡಿ ಇರುತ್ತದೆ. ಮಟ್ಟ ನೋಡುವಾಗ ಅದನ್ನು ತಿರುಗಿಸಿ ಬಿಗಿಯಬೇಡಿ, ಸುಮ್ನೆ ಒಳಗೆ ಕೂರಿಸಿ ತೆಗೆಯಿರಿ. ಎಂಜಿನ್ ಪಕ್ಕದಲ್ಲಿ ಆಯಿಲ್ ಮಟ್ಟ ಕಾಣುವ ಗಾಜು ಇರುವ ಬೈಕಾದರೆ ಸೈಡ್ ಸ್ಟ್ಯಾಂಡ್ ಮೇಲೆ ನೋಡಬೇಡಿ, ನೆಟ್ಟಗೆ ನಿಲ್ಲಿಸಿ ನೋಡಿ.