ಅಲ್ಪಸಂಖ್ಯಾತ ಕುಟುಂಬಗಳ ಹೆಣ್ಣುಮಕ್ಕಳನ್ನು ಎಂಜಿನಿಯರಿಂಗ್‌ ಓದಿಗೆ ಕರೆತರುವ ಬಗೆ

ಮುಸ್ಲಿಂ ಮನೆಯ ಹುಡುಗಿ ಎಂಜಿನಿಯರ್‌ ಆಗುವ ದಾರಿ ತೆರೆಯುವುದೋ ಮುಚ್ಚುವುದೋ ಎಂಬುದು ಹೆಚ್ಚಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಪ್ರೋತ್ಸಾಹಿಸಬೇಕೆಂದಿರುವ ಶಿಕ್ಷಕರು, ಜಮಾತಿನ ಹಿರಿಯರು, ಓದಿ ಕೆಲಸದಲ್ಲಿರುವ ಅಕ್ಕಂದಿರು ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಹತ್ತಿರ ಬಂದಾಗ ಎಚ್ಚೆತ್ತರೆ ತಡವಾಗಿರುತ್ತದೆ. ಒಂಬತ್ತನೇ ತರಗತಿಯಿಂದಲೇ ಆರಂಭಿಸಬೇಕು. ಇಲ್ಲಿ ಹೇಳಿರುವುದು ಮುಖ್ಯವಾಗಿ ಕರ್ನಾಟಕದ ಮುಸ್ಲಿಂ ಹೆಣ್ಣುಮಕ್ಕಳನ್ನು ಕುರಿತದ್ದಾದರೂ ಕ್ರೈಸ್ತ ಮತ್ತು ಜೈನ ಕುಟುಂಬಗಳಿಗೂ ಬಹುಪಾಲು ಹೊಂದುತ್ತದೆ.

ಮೊದಲ ಕೆಲಸ ಗಣಿತದ್ದು. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದ ಹುಡುಗಿಗೆ ಪಿಯುಸಿ ವಿಜ್ಞಾನದ ಮೊದಲ ತಿಂಗಳುಗಳಲ್ಲಿ ಲೆಕ್ಕಕ್ಕಿಂತ ಇಂಗ್ಲಿಷಿನ ಪಾಠವೇ ಹೆಚ್ಚು ಕಾಡುತ್ತದೆ, ಅದನ್ನು ಅವಳು ತನ್ನ ದಡ್ಡತನವೆಂದು ಭಾವಿಸಿ ಹಿಂಜರಿಯುತ್ತಾಳೆ. ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆ ತ್ರಿಕೋನಮಿತಿ, ಬೀಜಗಣಿತಗಳ ಹಳೆಯ ಪಾಠಗಳನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಮಾಡಿಸಿದರೆ ಈ ಭಯ ಬಹುಮಟ್ಟಿಗೆ ಕಳೆಯುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ತೆಗೆದುಕೊಂಡಿರಲೇಬೇಕು. ಡಾಕ್ಟರಾಗುವ ಆಸೆಯೂ ಇದ್ದರೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಎರಡು ದಾರಿಗಳನ್ನೂ ಉಳಿಸುತ್ತದೆ. ಪಿಯುಸಿಯೇ ಬೇಡವೆನ್ನುವ ಮನೆಗಳಲ್ಲಿ ಮೂರು ವರ್ಷದ ಡಿಪ್ಲೊಮಾವನ್ನು ಸೂಚಿಸಬಹುದು. ಮಂಗಳೂರಿನ ಬೊಂದೇಲ್‌ನಲ್ಲಿರುವಂತಹ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳನ್ನು ಒಪ್ಪುವ ತಂದೆತಾಯಂದಿರು ಹಲವರಿದ್ದಾರೆ, ಮುಂದೆ ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಪದವಿಯ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ.

ಮನೆಯವರೊಡನೆ ಮಾತನಾಡುವಾಗ ಭಾಷಣ ಕೆಲಸಕ್ಕೆ ಬಾರದು. ಹುಡುಗಿಯ ತಾಯಿ ಕೇಳುವುದು ‘ಬಸ್ಸು ಎಷ್ಟು ಹೊತ್ತಿಗೆ, ಸಂಜೆ ಎಷ್ಟಕ್ಕೆ ಮನೆ ಸೇರುತ್ತಾಳೆ, ಜೊತೆಗೆ ಯಾರಿದ್ದಾರೆ’ ಎಂದು; ತಂದೆ ಕೇಳುವುದು ‘ಖರ್ಚು ಎಷ್ಟು, ಓದಿದ ಮೇಲೆ ನೌಕರಿ ಎಲ್ಲಿ’ ಎಂದು. ಇವು ನ್ಯಾಯವಾದ ಪ್ರಶ್ನೆಗಳೇ ಆಗಿರುವುದರಿಂದ ಇವಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿದೆ. ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮಹಿಳೆಯರಿಗೆ ಶೇ 33ರಷ್ಟು ಮೀಸಲಾತಿ ಇದೆ ಎಂಬುದನ್ನು ತಂದೆಗೆ ತಿಳಿಸಬೇಕು. ಉದಾಹರಣೆ ಕೇಳಿದರೆ ದೂರ ಹೋಗಬೇಕಿಲ್ಲ: ರಾಯಚೂರಿನ ಎಸ್‌ಎಲ್‌ಎನ್‌ ಕಾಲೇಜಿನಲ್ಲಿ ಸಿವಿಲ್‌ ಓದಿದ ಬುಶ್ರಾ ಮತೀನ್‌ 2022ರ ಮಾರ್ಚ್‌ನಲ್ಲಿ ನಡೆದ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಘಟಿಕೋತ್ಸವದಲ್ಲಿ 16 ಚಿನ್ನದ ಪದಕ ಪಡೆದರು. ಆದರೂ ಪದಕದ ಹುಡುಗಿಗಿಂತ, ಅದೇ ಮೊಹಲ್ಲಾದಲ್ಲಿ ಸಾಧಾರಣ ಅಂಕ ಪಡೆದು ಕೆಲಸಕ್ಕೆ ಸೇರಿದ ಒಬ್ಬ ಆಪಾಳನ್ನು (ಅಕ್ಕನನ್ನು) ಮನೆಗೆ ಕರೆದೊಯ್ಯುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ದಾಖಲೆಗಳ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಸಾಲದು. ಸಿಇಟಿಯಲ್ಲಿ ಮುಸ್ಲಿಮರು ಸಾಮಾನ್ಯವಾಗಿ 2ಬಿ, ಕ್ರೈಸ್ತರು 3ಬಿ ಮೀಸಲಾತಿ ಪ್ರವರ್ಗಕ್ಕೆ ಸೇರುತ್ತಾರೆ. ತಹಶೀಲ್ದಾರರ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಅದರ ಆರ್‌ಡಿ ಸಂಖ್ಯೆಯನ್ನು (ಪತ್ರದ ಮೇಲೆ ಅಚ್ಚಾಗಿರುವ ಸಂಖ್ಯೆ) ಅರ್ಜಿಯಲ್ಲಿ ತಪ್ಪಿಲ್ಲದೆ ತುಂಬಬೇಕು. ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ‘ಫಾತಿಮಾಬಿ’, ಆಧಾರ್‌ನಲ್ಲಿ ‘ಫಾತಿಮಾ ಬೇಗಂ’, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಇನಿಷಿಯಲ್‌ ಮುಂದೆ, ಇನ್ನೊಂದರಲ್ಲಿ ಹಿಂದೆ. ಹೀಗಿರುವ ಕಾಗದಗಳನ್ನು ಪರಿಶೀಲನೆಯ ದಿನ ಸರಿಪಡಿಸಲಾಗದು. ಒಂಬತ್ತನೇ ತರಗತಿಯಲ್ಲಿಯೇ ಎಲ್ಲವನ್ನೂ ಒಂದೆಡೆ ಹರಡಿ, ಎಸ್ಸೆಸ್ಸೆಲ್ಸಿಗೆ ಹೋಗುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇವೆ. ಪ್ರತಿಯೊಂದಕ್ಕೂ ಬೇರೆ ಪತ್ರ ಬೇಕು.

ಹಣಕ್ಕೆ ಒಂದೇ ಮೂಲವನ್ನು ನೆಚ್ಚಬಾರದು. ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಪ್ರಗತಿ ವಿದ್ಯಾರ್ಥಿವೇತನ ಆಯ್ಕೆಯಾದ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ ನೀಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಹರು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಸಿಇಟಿ ಮೂಲಕ ಸೀಟು ಪಡೆದವರು ಅರ್ಜಿ ಹಾಕಬಹುದು. ಬಡ್ಡಿಯ ಸಾಲಕ್ಕೆ ಧಾರ್ಮಿಕ ಕಾರಣದಿಂದ ಹಿಂಜರಿಯುವ ಕುಟುಂಬಗಳಿವೆ. ಅವರೊಡನೆ ವಾದಕ್ಕಿಳಿಯದೆ, ಬೋಧನಾ ಶುಲ್ಕ ವಿನಾಯಿತಿಯೊಂದಿಗೆ ನಿಗದಿತ ಸೀಟುಗಳಿಗೆ ಮೇಲಾಗಿ ಕೊಡುವ ಸೂಪರ್‌ನ್ಯೂಮರರಿ ಕೋಟಾದ ಸೀಟು ಮತ್ತು ವಿದ್ಯಾರ್ಥಿವೇತನದ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸುವುದು ಲೇಸು.

ಆಪ್ಷನ್‌ ಎಂಟ್ರಿಗೆ (ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದಕ್ಕೆ) ಮುನ್ನ ಕಾಲೇಜುಗಳನ್ನು ತಾಯಿ-ಮಗಳೊಂದಿಗೆ ಖುದ್ದಾಗಿ ನೋಡಿ ಬರಬೇಕು. ಹಾಸ್ಟೆಲಿನ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ವಸ್ತ್ರಸಂಹಿತೆಯಲ್ಲಿ ತಲೆವಸ್ತ್ರಕ್ಕೆ ಅವಕಾಶವಿದೆಯೇ, ನಮಾಜಿಗೆ ಜಾಗ ಸಿಗುವುದೇ ಎಂಬುದನ್ನು ಸಂಕೋಚಪಡದೆ ಕೇಳಿ ತಿಳಿಯಬೇಕು; ಸೇರಿದ ಮೇಲೆ ಗೊತ್ತಾದರೆ ಅದೇ ಓದು ನಿಲ್ಲಿಸುವ ನೆಪವಾಗುತ್ತದೆ. ಆಪ್ಷನ್‌ಗಳನ್ನು ನಮೂದಿಸುವಾಗ ಹುಡುಗಿಯೇ ಕಂಪ್ಯೂಟರ್‌ ಮುಂದೆ ಕೂರಲಿ, ಸೈಬರ್‌ ಕೆಫೆಯವರ ಕೈಗೆ ಪಾಸ್‌ವರ್ಡ್‌ ಕೊಡುವುದು ಬೇಡ.

ಸೀಟು ಸಿಕ್ಕಿದ ಮೇಲೆ ಒಂದು ವರ್ಷವಾದರೂ ಸಂಪರ್ಕ ಕಡಿಯಬಾರದು. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಅನುತ್ತೀರ್ಣಳಾದರೆ ಮನೆಯಲ್ಲಿ ಮದುವೆಯ ಮಾತು ಎದ್ದೇಳುವುದುಂಟು. ಒಂದು ವಿಷಯ ಉಳಿಯುವುದು ಎಂಜಿನಿಯರಿಂಗ್‌ನಲ್ಲಿ ಸಾಮಾನ್ಯವೆಂದೂ ಅದನ್ನು ಮತ್ತೆ ಬರೆಯಬಹುದೆಂದೂ ಫಲಿತಾಂಶಕ್ಕೆ ಮುಂಚೆಯೇ ತಂದೆತಾಯಿಗೆ ಹೇಳಿಡಬೇಕು. ಡಿಪ್ಲೊಮಾದಿಂದ ಬಂದವರು ಹೆಚ್ಚುವರಿ ಗಣಿತವನ್ನೂ ಮುಗಿಸಬೇಕಾಗಿರುವುದರಿಂದ ಅವರಿಗೆ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಮೊದಲ ವಾರದಲ್ಲಿಯೇ ಪರಿಚಯಿಸಬೇಕು.