ಗಂಡ ಓಡಲಿ, ನೀವು ಬಿಸಿಲಲ್ಲಿ ಬೇಯಬೇಡಿ

ಗೋವಾದ ಮಿರಾಮಾರ್ ಬೀಚಿನಲ್ಲಿ ಐರನ್‌ಮ್ಯಾನ್ ರೇಸಿನ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನೋಡಿ. ಚಪ್ಪಲಿ ಕೈಯಲ್ಲಿ ಹಿಡಿದ ಅಜ್ಜಿ, ಹಸಿದು ಅಳುವ ಮಗು, ಸಾಯಲು ಬಂದ ಫೋನನ್ನೇ ದಿಟ್ಟಿಸುತ್ತ ನಿಂತ ಹೆಂಡತಿ. ‘ಇವರು ನೀರಿಂದ ಮೇಲೆ ಬಂದರೋ ಇಲ್ಲವೋ, ಗೊತ್ತೇ ಆಗ್ತಿಲ್ಲ ರೀ’ ಎಂದು ಆಕೆ ಪಕ್ಕದವರನ್ನು ಕೇಳುತ್ತಿರುತ್ತಾಳೆ. ಅಷ್ಟರಲ್ಲಿ ಗಂಡ ಸೈಕಲ್ ಮೇಲೆ ಮೂವತ್ತು ಕಿಲೋಮೀಟರ್ ದಾಟಿರುತ್ತಾನೆ. ಮೊದಲ ವರ್ಷ ಹಾಗೆ ಕೇಳಿದವಳು ನಾನೇ. ಆಮೇಲೆ ಹೋದಾಗಲೆಲ್ಲ ಬೇರೆಯವರು ಕೇಳುವುದನ್ನು ನೋಡಿದ್ದೇನೆ.

2019ರಿಂದ ಗೋವಾದಲ್ಲಿ ನಡೆಯುತ್ತಿರುವ ಐರನ್‌ಮ್ಯಾನ್ 70.3ರ ಮಾತಿದು. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3. ಮುಗಿಸಲು ಎಂಟೂವರೆ ಗಂಟೆ ಗಡುವು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗ ಪತ್ರಿಕೆಗಳೆಲ್ಲ ಬರೆದವು. ನಾನು ಮಾತ್ರ ಅವರ ಮನೆಯವರು ಅಷ್ಟು ಹೊತ್ತು ಎಲ್ಲಿ ನಿಂತಿದ್ದರೋ ಎಂದು ಯೋಚಿಸಿದೆ. ಓಡುವವರಿಗೆ ಕೋಚ್ ಇರುತ್ತಾರೆ. ಕಾಯುವವರಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ.

ಹಂತ 1: ಹಣ ಕಟ್ಟುವ ಮೊದಲು ಪಂಚಾಂಗ ನೋಡಿ

ರೇಸು ಭಾನುವಾರವೇ. ಆದರೆ ಯಾವ ಭಾನುವಾರ ಎಂಬುದು ವರ್ಷಕ್ಕೊಮ್ಮೆ ಬದಲಾಗುತ್ತದೆ. 2022ರಲ್ಲಿ ನವೆಂಬರ್ 13, 2023ರಲ್ಲಿ ಅಕ್ಟೋಬರ್ 8, 2024ರಲ್ಲಿ ಅಕ್ಟೋಬರ್ 27. ಈ ಅಕ್ಟೋಬರ್ 8 ಪಿತೃಪಕ್ಷದಲ್ಲಿ ಬಂದಿತ್ತು. ಅಕ್ಟೋಬರ್ 27 ನರಕ ಚತುರ್ದಶಿಗೆ ನಾಲ್ಕೇ ದಿನ ಮೊದಲು. ಮನೆಯಲ್ಲಿ ಹಿರಿಯರಿದ್ದರೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಂಡಸರು ನೋಂದಣಿ ತೆರೆದ ರಾತ್ರಿಯೇ ಕಾರ್ಡು ಉಜ್ಜಿ, ತಿಂಗಳ ನಂತರ ಊಟದ ಹೊತ್ತಲ್ಲಿ ಮೆಲ್ಲಗೆ ವಿಷಯ ಎತ್ತುತ್ತಾರೆ. ಹಾಗಾಗಲು ಬಿಡಬೇಡಿ. ಮಕ್ಕಳ ಪರೀಕ್ಷೆಯ ವೇಳಾಪಟ್ಟಿಯೂ ಅದೇ ದಿನ ಮೇಜಿನ ಮೇಲಿರಲಿ.

ಹಂತ 2: ರೂಮು ಎರಡು ಕಡೆ

‘ಗೋವಾಕ್ಕೆ ಹೋಗಿ ಕಲಂಗೂಟ್‌ನಲ್ಲಿ ಇರದಿದ್ದರೆ ಹೇಗೆ’ ಎಂದು ಅಲ್ಲಿ ರೂಮು ಹಿಡಿದವರು ರೇಸಿನ ದಿನ ನಸುಕಿನಲ್ಲಿ ಮಗುವನ್ನು ಎಬ್ಬಿಸಿ, ಮಾಂಡೋವಿ ಸೇತುವೆ ದಾಟಿ ಪಣಜಿಗೆ ಬರಬೇಕು. ಶುಕ್ರವಾರದಿಂದ ಭಾನುವಾರದವರೆಗೆ ಮೂರು ರಾತ್ರಿ ಮಿರಾಮಾರ್ ಅಥವಾ ಕಂಪಾಲ್ ಕಡೆ, ನಡೆದು ಹೋಗುವಷ್ಟು ಹತ್ತಿರ ಇರಿ. ಸೋಮವಾರ ಪಾಳೊಳೆಂ ಇರಲಿ, ಕಲಂಗೂಟ್ ಇರಲಿ, ನಿಮ್ಮಿಷ್ಟದ ಕಡೆ ಗಂಟುಮೂಟೆ ಕಟ್ಟಿ.

ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ: ರಜೆ ರೇಸಿನ ನಂತರವೇ, ಮೊದಲಲ್ಲ. ರೇಸಿಗೆ ಮೊದಲು ಆ ಮನುಷ್ಯ ಬಿಸಿಲಿಗೆ ಬರುವುದಿಲ್ಲ, ಮೀನು ಮುಟ್ಟುವುದಿಲ್ಲ, ಒಂಬತ್ತಕ್ಕೆ ದೀಪ ಆರಿಸು ಎನ್ನುತ್ತಾನೆ. ಅಂಥವನನ್ನು ಕಟ್ಟಿಕೊಂಡು ಊರು ತಿರುಗಿದರೆ ಇಬ್ಬರಿಗೂ ಸುಖವಿಲ್ಲ.

ಲಿಫ್ಟ್ ಇಲ್ಲದಿದ್ದರೆ ನೆಲಮಹಡಿಯ ರೂಮು ಕೇಳಿ. ಯಾಕೆ ಎಂಬುದು ಸೋಮವಾರ ಬೆಳಿಗ್ಗೆ ಗೊತ್ತಾಗುತ್ತದೆ. ‘ನಾಲ್ಕು ಗಂಟೆಗೆ ತಿಂಡಿ ಕೊಡ್ತೀವಿ ಮೇಡಂ’ ಎಂಬ ಹೋಟೆಲಿನವರ ಮಾತನ್ನು ನಂಬಬೇಡಿ. ಬ್ರೆಡ್ಡು, ಬಾಳೆಹಣ್ಣು, ಒಂದು ಎಲೆಕ್ಟ್ರಿಕ್ ಕೆಟಲ್ ಜೊತೆಗಿರಲಿ.

ಹಂತ 3: ಸೈಕಲ್

ಅದು ಅವರ ಜವಾಬ್ದಾರಿ. ಹುಬ್ಬಳ್ಳಿ-ಧಾರವಾಡದಿಂದ ಹೋಗುವ ನಮ್ಮಂಥವರು ಮುಂದಿನ ಗಾಲಿ ಕಳಚಿ ಕಾರಿನೊಳಗೇ ಮಲಗಿಸುವುದು ಒಳ್ಳೆಯದು. ಡಿಕ್ಕಿಗೆ ಪಟ್ಟಿಯಿಂದ ಬಿಗಿಯುವ ಅಗ್ಗದ ಕ್ಯಾರಿಯರು ಅನಮೋಡ ಘಾಟಿನ ಗುಂಡಿಗಳಲ್ಲಿ ಸಡಿಲವಾಗುತ್ತದೆ. ಹಿಂದಿನ ಗಾಜಿನಲ್ಲಿ ಸೈಕಲ್ ತೂಗಾಡುವುದನ್ನು ನೋಡುತ್ತ ನಾಲ್ಕು ಗಂಟೆ ಕೂತಿದ್ದೇನೆ. ಬೆಂಗಳೂರಿನಿಂದ ವಿಮಾನದಲ್ಲಿ ಬರುವವರಿಗೆ ಎರಡೇ ಮಾತು. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿ. ಗೋವಾದಲ್ಲಿ ವಿಮಾನ ನಿಲ್ದಾಣ ಎರಡಿವೆ, ಟಿಕೆಟ್ ದಾಬೋಳಿಗೋ ಮೋಪಾಕ್ಕೋ ಎಂದು ಎರಡು ಸಲ ಓದಿ. ಮೋಪಾ ಗೋವಾದ ಉತ್ತರ ತುದಿಯಲ್ಲಿದೆ.

ಹಂತ 4: ಶನಿವಾರ

ಸೈಕಲನ್ನೂ, ಸೈಕಲಿಗೆ ಬೇಕಾದದ್ದು ತುಂಬಿದ ನೀಲಿ ಚೀಲ, ಓಟಕ್ಕೆ ಬೇಕಾದದ್ದು ತುಂಬಿದ ಕೆಂಪು ಚೀಲಗಳನ್ನೂ ಅವರು ಒಪ್ಪಿಸಿ ಬರಬೇಕು. ಜೊತೆಗೆ ಹೋಗಬೇಡಿ. ಬರೀ ಸರತಿ ಸಾಲು. ಮಕ್ಕಳನ್ನು ಮಿರಾಮಾರಿನ ವಿಜ್ಞಾನ ಕೇಂದ್ರಕ್ಕೋ ಫೌಂಟೇನ್ಹಾಸ್ ಗಲ್ಲಿಗಳಿಗೋ ಕರೆದೊಯ್ಯಿರಿ. ಸಂಜೆ ಮಾತ್ರ ಇಬ್ಬರೂ ಓಟದ ದಾರಿಯಲ್ಲಿ ಒಂದು ಸುತ್ತು ನಡೆದು ನೆರಳಿರುವ ಒಂದು ಮರ ಗೊತ್ತುಮಾಡಿ. ಯಾವ ಬದಿ, ಎಷ್ಟನೆಯ ಮರ ಎನ್ನುವವರೆಗೆ ಕರಾರುವಾಕ್ಕಾಗಿ. ಹತ್ತಿರದ ಶೌಚಾಲಯ ಎಲ್ಲಿದೆ ಎಂದೂ ನೋಡಿಕೊಳ್ಳಿ.

ರೇಸಿನ ದಿನ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ. ಕಾರು ಹೋಟೆಲಿನ ಮುಂದೆಯೇ ಇದ್ದರೆ ಮಧ್ಯಾಹ್ನದವರೆಗೆ ಅದು ಬೊಂಬೆ. ಶನಿವಾರ ರಾತ್ರಿಯೇ ಮುಚ್ಚುವ ರಸ್ತೆಗಳ ಹೊರಗೆ ನಿಲ್ಲಿಸಿ ಬನ್ನಿ.

ರಾತ್ರಿ ಊಟ: ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ ಓಡುವವರಿಗೆ ಬೇಡವೇ ಬೇಡ, ನಾರು ಹೆಚ್ಚು. ಬಿಳಿ ಅನ್ನ, ತಿಳಿಸಾರು ಸಾಕು. ರೊಟ್ಟಿ, ಶೇಂಗಾ ಚಟ್ನಿ ಮರುದಿನ ಮರದ ಕೆಳಗೆ ಕೂರುವವರಿಗೆ.

ಹಂತ 5: ಭಾನುವಾರ

ಎಲ್ಲರೂ ಎಡವುವುದು ಇಲ್ಲೇ. ಮೊದಲು ಒಂದು ಕಾಗದದ ಮೇಲೆ ಎರಡು ಸಾಲು ಹೊತ್ತು ಬರೆದುಕೊಳ್ಳಿ, ಒಂದು ಬೇಗ ಆದರೆ, ಇನ್ನೊಂದು ತಡವಾದರೆ. ಏಳಕ್ಕೆ ನೀರಿಗಿಳಿದರು ಎಂದಿಟ್ಟುಕೊಳ್ಳಿ. ಬೇಗದ ಲೆಕ್ಕದಲ್ಲಿ 7.50ಕ್ಕೆ ದಡ, 7.58ಕ್ಕೆ ಸೈಕಲ್, 11.38ಕ್ಕೆ ವಾಪಸು, 11.43ಕ್ಕೆ ಓಟ, 2.13ಕ್ಕೆ ಮುಕ್ತಾಯ. ತಡದ ಲೆಕ್ಕದಲ್ಲಿ 8ಕ್ಕೆ ದಡ, 8.10ಕ್ಕೆ ಸೈಕಲ್, 12.20ಕ್ಕೆ ವಾಪಸು, 12.28ಕ್ಕೆ ಓಟ, 3.23ಕ್ಕೆ ಮುಕ್ತಾಯ. ಬೆಳಿಗ್ಗೆ ಹತ್ತು ನಿಮಿಷವಿದ್ದ ಅಂತರ ಮಧ್ಯಾಹ್ನ ಒಂದು ಗಂಟೆ ದಾಟಿತು ನೋಡಿ. ಈ ಗಂಟೆಯಲ್ಲೇ ಮಕ್ಕಳು ಕಿರಿಕಿರಿ ಶುರುಮಾಡುವುದು. ಅಂಕಿ ಕೊಡುವಾಗ ಗಂಡಂದಿರು ತಮ್ಮ ಜೀವಮಾನದ ಅತ್ಯುತ್ತಮ ದಿನದ ಹೊತ್ತನ್ನೇ ಹೇಳುತ್ತಾರೆ. ತಡದ ಸಾಲನ್ನು ಅವರ ಜೊತೆ ತರಬೇತಿ ಮಾಡುವ ಗೆಳೆಯರನ್ನು ಕೇಳಿ ತುಂಬಿಸಿ. ಎಲ್ಲರೂ ಒಟ್ಟಿಗೆ ನೀರಿಗೆ ಹಾರುವುದಿಲ್ಲ, ಒಂದು ಸಲಕ್ಕೆ ಕೆಲವರಂತೆ ಬಿಡುತ್ತ ಹೋಗುತ್ತಾರೆ. ನಿಮ್ಮವರು ಇಳಿದ ಹೊತ್ತು ಬರೆದುಕೊಂಡು ಉಳಿದದ್ದನ್ನೆಲ್ಲ ಅಷ್ಟು ನಿಮಿಷ ಮುಂದೆ ತಳ್ಳಿ.

ಸಮುದ್ರದಲ್ಲಿ ಅವರನ್ನು ಹುಡುಕಬೇಡಿ. ನೂರಾರು ತಲೆ, ಎಲ್ಲಕ್ಕೂ ಆಯೋಜಕರು ಕೊಟ್ಟ ಟೋಪಿ, ಕನ್ನಡಕ. ನೀರಿಂದ ಎದ್ದು ಸೈಕಲ್ ಇಟ್ಟಲ್ಲಿಗೆ ಓಡುವ ದಾರಿಯ ಅಂಚಿನಲ್ಲಿ ನಿಲ್ಲಿ. ಮುಖ ನೋಡಬೇಡಿ, ನಡಿಗೆ ನೋಡಿ. ಹತ್ತು ವರ್ಷ ಸಂಸಾರ ಮಾಡಿದವರಿಗೆ ನೂರು ಅಡಿ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ಫೋನಿನ ಟ್ರ್ಯಾಕರ್. ಓಡುವವರ ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ದಾರಿಯಲ್ಲಿ ಅಲ್ಲಲ್ಲಿ ಹಾಸಿದ ಮ್ಯಾಟ್ ತುಳಿದಾಗ ಮಾತ್ರ ಸುದ್ದಿ ಕೊಡುತ್ತದೆ. ಎರಡು ಮ್ಯಾಟ್‌ಗಳ ನಡುವೆ ನಕಾಶೆಯಲ್ಲಿ ಸರಿಯುವ ಚುಕ್ಕೆ ಅವರಲ್ಲ, ಹಿಂದಿನ ವೇಗದಿಂದ ಹಾಕಿದ ಅಂದಾಜು. ಚುಕ್ಕೆ ನಿಂತರೆ ಮನುಷ್ಯ ನಿಂತ ಎಂದಲ್ಲ. ನನಗಿದು ಗೊತ್ತಿರಲಿಲ್ಲ. ಮೊದಲ ವರ್ಷ ಚುಕ್ಕೆ ನಲವತ್ತು ನಿಮಿಷ ಸಮುದ್ರದಲ್ಲೇ ನಿಂತಿತ್ತು. ಅತ್ತೆ ಅಲ್ಲೇ ಕಣ್ಣು ಮುಚ್ಚಿ ಮಂಗೇಶಿ ದೇವರಿಗೆ ಹರಕೆ ಹೊತ್ತರು. ಅವರ ಮಗ ಆಗ ಸೈಕಲ್ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದ.

ಸೈಕಲ್ ಹೊರಟ ಮೇಲೆ ಏನು ಮಾಡಬೇಕು? ರೂಮಿಗೆ ಹೋಗಿ. ಹೌದು, ಹೋಗಿ. ಸ್ನಾನ ಮಾಡಿ, ತಿಂಡಿ ತಿನ್ನಿ, ಮಗುವಿನ ಜೊತೆ ಒಂದು ತೂಕಡಿಕೆ ತೆಗೆಯಿರಿ. ಮೂರೂವರೆ ಗಂಟೆ ಬಿಸಿಲಲ್ಲಿ ನಿಂತರೂ ನಿಮಗೆ ಸಿಗುವುದು ಒಂದು ಗಾಳಿಯ ಬೀಸು, ಹೆಲ್ಮೆಟ್ಟಿನ ಬಣ್ಣ. ನೋಡಲೇಬೇಕೆಂದರೆ ಯಾವುದಾದರೂ ಚೂಪು ತಿರುವಿನ ಹತ್ತಿರ ನಿಲ್ಲಿ, ಅಲ್ಲಿ ವೇಗ ತಗ್ಗುತ್ತದೆ.

ನಿಮ್ಮ ಅಗತ್ಯವಿರುವುದು ಓಟದಲ್ಲಿ. ಅದೇ ದಾರಿಯಲ್ಲಿ ಸುತ್ತು ಹಾಕುವುದರಿಂದ ಗೊತ್ತುಮಾಡಿದ ಮರದ ಕೆಳಗೆ ಕೂತರೆ ಸಾಕು, ಅವರೇ ಮತ್ತೆ ಮತ್ತೆ ಬರುತ್ತಾರೆ. ಮರ ಬದಲಿಸಬೇಡಿ. ದಣಿದವರು ಒಂದು ಸುತ್ತು ಪೂರ್ತಿ ‘ಆ ಮರ ಬರಲಿ’ ಎಂದುಕೊಂಡೇ ಓಡಿರುತ್ತಾರೆ. ಕೂರಲು ಹಳೆಯ ಚಾಪೆ ಒಯ್ಯಿರಿ. ಆನ್‌ಲೈನಿನಲ್ಲಿ ಸಿಗುವ ಮಡಚುವ ಮೂರು ಕಾಲಿನ ಸ್ಟೂಲು ಮರಳಿನಲ್ಲಿ ಹೂತು ಅತ್ತೆಯನ್ನು ಕೆಡವಿತು. ‘ಇನ್ನೇನು ಮುಗೀತು’ ಎಂದು ಕೂಗಬೇಡಿ, ಇನ್ನೂ ಒಂಬತ್ತು ಕಿಲೋಮೀಟರ್ ಇರುವವರಿಗೆ ಆ ಮಾತು ಕೋಪ ತರಿಸುತ್ತದೆ. ಹೆಸರು ಹಿಡಿದು ಕೂಗಿ, ಸಾಕು.

ಕರುಳು ಚುರ್ ಎಂದರೂ ನೀರು, ಮಜ್ಜಿಗೆ, ಓಆರ್‌ಎಸ್ ಏನನ್ನೂ ಕೈಗೆ ಕೊಡಬೇಡಿ. ಹೊರಗಿನವರ ಸಹಾಯ ಪಡೆದರೆ ಶಿಕ್ಷೆ, ಕೆಲವೊಮ್ಮೆ ರೇಸಿನಿಂದಲೇ ಹೊರಕ್ಕೆ. ಅವರ ಪಕ್ಕದಲ್ಲಿ ಓಡುವುದೂ ಅಷ್ಟೇ. ಕೊನೆಯ ಗೆರೆಯನ್ನು ಮಗುವನ್ನು ಎತ್ತಿಕೊಂಡು ದಾಟುವ ಫೋಟೋದ ಆಸೆ ಎಲ್ಲರಿಗೂ ಇರುತ್ತದೆ. ಐರನ್‌ಮ್ಯಾನ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಎಂಟು ಗಂಟೆಯ ದುಡಿಮೆ ಆ ಒಂದು ಚಿತ್ರಕ್ಕೆ ಹೋಗಬಹುದು. ಪದಕ ಹಾಕಿಕೊಂಡು ಆಚೆ ಬಂದ ಮೇಲೆ ಎಷ್ಟು ಬೇಕೋ ಅಷ್ಟು ತೆಗೆಸಿಕೊಳ್ಳಿ.

ಹಂತ 6: ಮುಗಿದ ಮೇಲೆ

ಭೇಟಿಯಾಗುವ ಜಾಗ ಮೊದಲೇ ಹೇಳಿಟ್ಟಿರಿ, ಅವರ ಫೋನ್ ಚೀಲದಲ್ಲಿರುತ್ತದೆ. ಸೈಕಲ್ ಬಿಡಿಸಿಕೊಳ್ಳುವವರೆಗೆ ಅವರ ಮಣಿಕಟ್ಟಿನ ಪಟ್ಟಿಯನ್ನು ಯಾರೂ ಕತ್ತರಿಸಬೇಡಿ. ಉಪ್ಪುಪ್ಪಾಗಿ ಏನಾದರೂ ತಿನ್ನಿಸಿ. ಮಾತು ತೊದಲಿದರೆ, ವಾಂತಿ ನಿಲ್ಲದಿದ್ದರೆ ರೂಮಿಗೆ ಕರೆದೊಯ್ಯದೆ ಸೀದಾ ಅಲ್ಲಿನ ವೈದ್ಯರ ಡೇರೆಗೆ. ಅಂದೇ ಕಾರು ಓಡಿಸಿಕೊಂಡು ಊರಿಗೆ ಹೊರಡುವ ಹುಚ್ಚು ಬೇಡ.

ನಾವು ಸೋಮವಾರ ಅತ್ತೆಯ ಹರಕೆ ತೀರಿಸಲು ಪ್ರಿಯೋಳದ ಮಂಗೇಶಿಗೆ ಹೋದೆವು. ಎಪ್ಪತ್ತರ ಅತ್ತೆ ಸರಸರ ನಡೆದರು. ಮಗ ಪ್ರತಿ ಮೆಟ್ಟಿಲನ್ನೂ ಅಡ್ಡಡ್ಡ ಇಳಿಯುತ್ತಿದ್ದ. ಊರಿಗೆ ಹೊರಡುವಾಗ ಒಂದು ಕೆಲಸ ಮರೆಯಬೇಡಿ: ಒದ್ದೆ ಟ್ರೈಸೂಟು (ರೇಸಿನ ಉಡುಪು), ಸಾಕ್ಸು, ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಗಂಟು ಬಿಗಿಯಿರಿ. ಕಾರಿನ ಕಿಟಕಿ ಮುಚ್ಚಿ ಅನಮೋಡ ಘಾಟು ಹತ್ತುವಾಗ ಆ ವಾಸನೆಗೆ ನಮ್ಮ ಮಗಳು ಘಾಟಿನಾಚೆಯ ರಾಮನಗರ ಬರುವುದರೊಳಗೆ ಎರಡು ಸಲ ಕಾರು ನಿಲ್ಲಿಸಿದ್ದಾಳೆ.