ಡ್ರಾಯಿಂಗ್ ಪೆನ್ನು ಕೈ ಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ಕಂಪ್ಯೂಟರಿಗೆ ಜೋಡಿಸಿ ಚಿತ್ರ ಬಿಡಿಸುವ ಹಲಗೆ, ಅಂದರೆ ಗ್ರಾಫಿಕ್ಸ್ ಟ್ಯಾಬ್ಲೆಟ್ ಇದೆಯಲ್ಲ, ನಿನ್ನೆ ಚೆನ್ನಾಗಿಯೇ ಇದ್ದ ಅದರ ಪೆನ್ನು ಇವತ್ತು ಎಷ್ಟು ಒತ್ತಿದರೂ ಒಂದೇ ದಪ್ಪದ ಗೆರೆ ಎಳೆಯುತ್ತಿದೆ. ತಕ್ಷಣ ಹೊಸ ಪೆನ್ನಿನ ಬೆಲೆ ಹುಡುಕಬೇಡಿ. ಇಂಥ ತೊಂದರೆ ಹೆಚ್ಚಾಗಿ ಪೆನ್ನಿನ ಹೊರಗೇ ಇರುತ್ತದೆ. ಅದು ಎಲ್ಲಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳೋಣ.

ಗ್ರಾಫಿಕ್ಸ್ ಟ್ಯಾಬ್ಲೆಟ್‌ನ ಬಹುತೇಕ ಪೆನ್ನುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಹಲಗೆಯ ಒಳಗೆ ತೆಳು ತಂತಿಗಳ ಬಲೆ ಇದೆ. ಅದು ಹೊರಡಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆದು, ತಿರುಗಿ ಸಂಕೇತ ಕಳಿಸುತ್ತದೆ. ಅದಕ್ಕೇ ಪೆನ್ನು ಹಲಗೆಗೆ ತಾಗದೆ ಸ್ವಲ್ಪ ಮೇಲಿದ್ದರೂ ಕರ್ಸರ್ ಓಡಾಡುತ್ತದೆ. ಇದೇ ನಮ್ಮ ಮೊದಲ ಪರೀಕ್ಷೆ.

ಪೆನ್ನನ್ನು ಹಲಗೆಯಿಂದ ಅರ್ಧ ಸೆಂಟಿಮೀಟರ್ ಮೇಲೆ ಹಿಡಿದು ಆಡಿಸಿ. ಕರ್ಸರ್ ಅಲುಗಿದರೆ ಪೆನ್ನು, ಹಲಗೆ, ಕೇಬಲ್ ಮೂರಕ್ಕೂ ಜೀವ ಇದೆ ಎಂದರ್ಥ. ಅಲುಗದಿದ್ದರೆ ಮೊದಲು ಕೇಬಲ್ ನೋಡಿ. ಕೆಲವು ಯುಎಸ್‌ಬಿ ಕೇಬಲ್‌ಗಳು ಚಾರ್ಜ್ ಮಾಡುವುದಕ್ಕಷ್ಟೇ ಆಗುತ್ತವೆ, ಡೇಟಾ ಸಾಗಿಸುವುದಿಲ್ಲ. ಹಲಗೆಯ ದೀಪ ಉರಿಯುತ್ತಿದ್ದರೂ ಕಂಪ್ಯೂಟರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ! ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಚುಚ್ಚಿ ನೋಡಿ.

ಕರ್ಸರ್ ಸರಿಯಾಗಿದೆ, ಒತ್ತಡ (ಒತ್ತಿದಂತೆ ಗೆರೆ ದಪ್ಪವಾಗುವುದು) ಮಾತ್ರ ಕೆಲಸ ಮಾಡುತ್ತಿಲ್ಲವೇ? ಎರಡು ಬೇರೆ ಬೇರೆ ಆ್ಯಪ್‌ಗಳಲ್ಲಿ ಬರೆದು ನೋಡಿ. ಒಂದರಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ ಅಂದರೆ ತೊಂದರೆ ಆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿದೆ. ಬ್ರಷ್‌ಗೆ ಒತ್ತಡದ ಆಯ್ಕೆ ಆನ್ ಆಗಿದೆಯೇ ನೋಡಿ. ವಿಂಡೋಸ್‌ನಲ್ಲಿ ಪೆನ್ನಿನ ಸಂಕೇತ ಆ್ಯಪ್‌ಗೆ ಹೋಗಲು ವಿಂಡೋಸ್ ಇಂಕ್, ವಿನ್‌ಟ್ಯಾಬ್ ಎಂಬ ಎರಡು ದಾರಿಗಳಿವೆ. ಕ್ರಿಟಾ ಎಂಬ ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಬಹಳ ಸಲ ಅಷ್ಟರಲ್ಲೇ ಒತ್ತಡ ವಾಪಸ್ ಬರುತ್ತದೆ.

ಯಾವ ಆ್ಯಪ್‌ನಲ್ಲೂ ಬರುತ್ತಿಲ್ಲವಾದರೆ ಡ್ರೈವರ್, ಅಂದರೆ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್ ಮೇಲೆ ಅನುಮಾನ. ಹಳೆಯದರ ಮೇಲೇ ಹೊಸದನ್ನು ಹಾಕಬೇಡಿ. ಟ್ಯಾಬ್ಲೆಟ್ ಕಳಚಿ, ಹಳೇ ಡ್ರೈವರ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ತಯಾರಕರ ಸೈಟಿನಿಂದಲೇ ಹೊಸದನ್ನು ಇಳಿಸಿಕೊಳ್ಳಿ. ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಇತ್ತಾ? ಅದರ ಡ್ರೈವರನ್ನೂ ತೆಗೆಯಿರಿ. ಎರಡು ಡ್ರೈವರ್‌ಗಳು ಒಂದೇ ಮನೆಯಲ್ಲಿದ್ದರೆ ಜಗಳ ತಪ್ಪಿದ್ದಲ್ಲ. ಮ್ಯಾಕ್ ಆದರೆ ಪ್ರೈವೆಸಿ ಅಂಡ್ ಸೆಕ್ಯೂರಿಟಿ ಒಳಗಿನ ಆ್ಯಕ್ಸೆಸಿಬಿಲಿಟಿ ಮತ್ತು ಇನ್‌ಪುಟ್ ಮಾನಿಟರಿಂಗ್‌ನಲ್ಲಿ ಡ್ರೈವರ್‌ಗೆ ಅನುಮತಿ ಇದೆಯೇ ನೋಡಿ.

ಇನ್ನು ನಡುಗುವ ಗೆರೆ. ಒಂದು ವಾರ ನನ್ನ ಗೆರೆಗಳೆಲ್ಲ ಹಾವಿನ ಹಾಗೆ ಹೊರಳುತ್ತಿದ್ದವು. ಕೈಯೇ ನಡುಗುತ್ತಿದೆ ಅಂದುಕೊಂಡು ಕಾಫಿ ಕೂಡ ಕಡಿಮೆ ಮಾಡಿದ್ದೆ. ನೋಡಿದರೆ ಟ್ಯಾಬ್ಲೆಟ್‌ಗೆ ಅಂಟಿಕೊಂಡಂತೆ ಫೋನ್ ಚಾರ್ಜ್ ಆಗುತ್ತಿತ್ತು! ಚಾರ್ಜರ್, ಸ್ಪೀಕರ್‌ನ ಅಯಸ್ಕಾಂತ, ಲೋಹದ ಮೇಜು ಇವೆಲ್ಲ ಆ ಕಾಂತಕ್ಷೇತ್ರಕ್ಕೆ ಕಾಟ ಕೊಡುತ್ತವೆ. ಒಂದೊಂದನ್ನೇ ದೂರ ಸರಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಎತ್ತಿಟ್ಟರೆ ಯಾವುದರ ಕಿತಾಪತಿ ಅಂತ ಗೊತ್ತಾಗುವುದಿಲ್ಲ.

ವೃತ್ತ ಮೊಟ್ಟೆಯಾಗುತ್ತಿದ್ದರೆ ಹಲಗೆಯ ಮೇಲೆ ಒಂದು ಲೋಟ ಬೋರಲು ಹಾಕಿ, ಅದರ ಅಂಚಿನ ಸುತ್ತ ಪೆನ್ನು ಆಡಿಸಿ. ತೆರೆಯಲ್ಲೂ ಮೊಟ್ಟೆಯೇ ಬಂದರೆ ತಪ್ಪು ನಿಮ್ಮ ಕೈಯದ್ದಲ್ಲ. ಹಲಗೆಯ ಅಗಲ-ಎತ್ತರದ ಅನುಪಾತ 16:10, ತೆರೆಯದ್ದು 16:9 ಇದ್ದಾಗ ಹೀಗೆ ಆಗಬಹುದು. ಎರಡು ತೆರೆಗಳಿಗೆ ಹಲಗೆಯನ್ನು ಹಂಚಿದ್ದರಂತೂ ವೃತ್ತ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಡ್ರೈವರ್‌ನ ಮ್ಯಾಪಿಂಗ್‌ನಲ್ಲಿ ಒಂದೇ ತೆರೆ ಆರಿಸಿ, ಅನುಪಾತ ಸಮ ಮಾಡುವ ಆಯ್ಕೆ ಒತ್ತಿ.

ನಿಬ್ಬಿನ ಕಡೆ ನಾವು ಗಮನ ಕೊಡುವುದೇ ಇಲ್ಲ, ಅಲ್ವಾ? ಅದು ಪೆನ್ಸಿಲ್ ಮೊನೆಯಂತೆ ಸವೆಯುತ್ತದೆ. ಬೆಳಕಿಗೆ ಹಿಡಿದು ತಿರುಗಿಸಿ. ಗುಂಡಗಿದ್ದ ತುದಿ ಒಂದು ಕಡೆ ಉಳಿಯಿಂದ ಕೆತ್ತಿದ ಹಾಗೆ ಓರೆಯಾಗಿ ಹೊಳೆಯುತ್ತದೆಯೇ? ಆ ಓರೆಯ ಅಂಚನ್ನು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿದಂತಾದರೆ ಅದು ಹಲಗೆಯನ್ನೂ ಗೀರುತ್ತಿರುತ್ತದೆ. ಪೆನ್ನಿನ ಜೊತೆ ಬಂದ ಪುಟ್ಟ ಉಂಗುರದಲ್ಲಿ ನಿಬ್ ಸಿಕ್ಕಿಸಿ ನೇರವಾಗಿ ಎಳೆದು ತೆಗೆಯಿರಿ. ತೀರಾ ಮೋಟಾಗುವವರೆಗೆ ಕಾಯಬೇಡಿ, ಆಮೇಲೆ ಹಿಡಿಯಲು ತುದಿಯೇ ಸಿಗುವುದಿಲ್ಲ. ಹೊಸದನ್ನು ಕೊನೆಯವರೆಗೆ ತಳ್ಳಿ. ಅರ್ಧಕ್ಕೆ ನಿಂತರೆ ಒತ್ತಡ ಎಡವಟ್ಟಾಗುತ್ತದೆ.

ನಿಬ್ ಬದಲಿಸಿದ ಮೇಲೂ ಹಲಗೆ ಮುಟ್ಟುವ ಮೊದಲೇ ಗೆರೆ ಬೀಳುತ್ತಿದ್ದರೆ ಒಳಗಿನ ಒತ್ತಡದ ಸೆನ್ಸರ್ ಸಿಕ್ಕಿಕೊಂಡಿರಬಹುದು. ನಿಬ್ ಕೆಳಮುಖವಾಗಿ ಬಿದ್ದ ಪೆನ್ನಿಗೆ ಈ ಗತಿ ಜಾಸ್ತಿ. ಡ್ರೈವರ್‌ನಲ್ಲಿ ತುದಿಯ ಸ್ಪರ್ಶವನ್ನು ಗಟ್ಟಿ ಕಡೆಗೆ ಸರಿಸಿದರೆ ಕೆಲವೊಮ್ಮೆ ನಿಭಾಯಿಸಬಹುದು. ಆಗಲೂ ಸರಿಹೋಗದಿದ್ದರೆ ಹೊಸ ಪೆನ್ನೇ ಗತಿ.

ಹಲಗೆ ಒರೆಸಲು ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ಮೊದಲು ಕೇಬಲ್ ಕಳಚಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಬೇಡಿ, ಮೇಲ್ಮೈ ಹಾಳಾಗುತ್ತದೆ. ಕೆಲಸ ಮುಗಿದ ಮೇಲೆ ಪೆನ್ನನ್ನು ನಿಬ್ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ. ರಾತ್ರಿಯಿಡೀ ಅದರ ಭಾರವೆಲ್ಲ ತುದಿಯ ಮೇಲೇ ಇರುತ್ತದೆ. ಸುಮ್ನೆ ಮಲಗಿಸಿಡಿ, ಆದರೆ ಹಲಗೆಯ ಮೇಲಲ್ಲ. ಅಲ್ಲೇ ಬಿಟ್ಟರೆ ಕರ್ಸರ್ ಪೆನ್ನಿಗೇ ಅಂಟಿಕೊಂಡು, ಮೌಸ್ ಕೆಟ್ಟಿದೆ ಅಂತ ನೀವು ಇನ್ನೊಂದು ರಿಪೇರಿ ಶುರು ಮಾಡುತ್ತೀರಿ.